ಬೌದ್ಧಿಕ ವಿಕಲಚೇತನರಿಗೆ ಉದ್ಯೋಗ: ನಮ್ಮ ಜಿಲ್ಲೆಯ ಉದ್ಯಮಿಗಳು ಅರಿಯಬೇಕಾದ ಕೆಲವು ವಿಚಾರಗಳು

ನಮ್ಮ ಸಂಸ್ಥೆಯ ಸದಸ್ಯರಲ್ಲಿ ಅನೇಕರು ಮಕ್ಕಳ ಹುಟ್ಟುಹಬ್ಬದಂದು ಅಥವಾ ಹಿರಿಯರ ಪುಣ್ಯತಿಥಿಯಂದು ವಿಶೇಷ ಶಾಲೆಗಳಿಗೆ ತೆರಳಿ ಅಲ್ಲಿನ ಮಕ್ಕಳಿಗೆ ಊಟ, ಸಿಹಿ, ಬಟ್ಟೆಬರೆಗಳನ್ನು ನೀಡುವ ಸತ್ಸಂಪ್ರದಾಯವನ್ನು ಇಟ್ಟುಕೊಂಡಿದ್ದಾರೆ. ಆ ವೆಚ್ಚದ ರಸೀದಿಗಳು ಮಾರ್ಚ್ ಮುಗಿಯುತ್ತಲೇ ನಮ್ಮಂತಹ ಲೆಕ್ಕ ಪರಿಶೋಧಕರ ಮೇಜಿನ ಮೇಲೆ ಬಂದು ಬೀಳುತ್ತವೆ. ‘ಇದಕ್ಕೆ 80ಜಿ ಸಿಗುತ್ತದೆಯಲ್ಲವೇ?’ ಎಂಬ ಪ್ರಶ್ನೆಯೂ ಜೊತೆಗೇ ಬರುತ್ತದೆ. ವಸ್ತುರೂಪದ ದೇಣಿಗೆಗೆ ಸಿಗುವುದಿಲ್ಲ ಎಂಬುದು ನನ್ನ ಸಿದ್ಧ ಉತ್ತರ. ಆದರೆ ಅದೇ ಮಕ್ಕಳು ಶಾಲೆಯಿಂದ ಹೊರಬಂದ ಮೇಲೆ ಎಲ್ಲಿಗೆ ಹೋಗುತ್ತಾರೆ ಎಂದು ಈ ಮೂವತ್ತು ವರ್ಷಗಳ ವೃತ್ತಿಜೀವನದಲ್ಲಿ ಒಬ್ಬರೂ ನನ್ನನ್ನು ಕೇಳಿದ್ದಿಲ್ಲ, ನಾನೂ ಯೋಚಿಸಿದ್ದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಗಣನೀಯ ಪ್ರಮಾಣದ ವೈಕಲ್ಯವಿರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ನೀಡಿದೆ. ಹತ್ತೊಂಬತ್ತನೆಯ ವರ್ಷದಿಂದ ಅವರಲ್ಲಿ ಹೆಚ್ಚಿನವರ ಪಾಲಿಗೆ ಉಳಿಯುವುದು ಮನೆಯ ಜಗಲಿ ಮಾತ್ರ.

ಈ ವಿಚಾರದತ್ತ ನನ್ನ ಗಮನ ಹರಿದದ್ದು ಒಂದು ವೋಚರಿನಿಂದ. ಗುಬ್ಬಿ ತಾಲ್ಲೂಕಿನಲ್ಲಿ ಇಪ್ಪತ್ತೈದು ಮಂದಿ ದುಡಿಯುವ ಒಂದು ತೆಂಗಿನ ಪುಡಿ ಘಟಕದ ಲೆಕ್ಕಪತ್ರಗಳನ್ನು ನಾನು ಪರಿಶೋಧಿಸುತ್ತಿದ್ದೆ. ಪ್ರತಿ ಶನಿವಾರ ‘ಇತರೆ ಖರ್ಚು – ಹುಡುಗನಿಗೆ – 200 ರೂ.’ ಎಂಬ ಒಂದು ನಮೂದು ಇರುತ್ತಿತ್ತು. ಮೊತ್ತ ಅಲ್ಪವಾದುದರಿಂದ ಎರಡು ವರ್ಷ ಅದನ್ನು ಪ್ರಶ್ನಿಸದೆ ದಾಟಿಸಿದೆ. ಇದು ನನ್ನ ತಪ್ಪೇ. ಮೂರನೆಯ ವರ್ಷ ಕೇಳಿದಾಗ ಮಾಲೀಕರು, ‘ಆಡಿಟರೇ, ಅವನು ಕೆಲಸದವನಲ್ಲ. ಪಾಪದ ಹುಡುಗ, ಕೈಖರ್ಚಿಗೆ ಕೊಡ್ತೀನಿ’ ಎಂದರು. ‘ಹುಡುಗ’ನಿಗೆ ಆಗ ಇಪ್ಪತ್ತಾರು ವರ್ಷ. ಹುಟ್ಟಿನಿಂದಲೇ ಬೌದ್ಧಿಕ ಬೆಳವಣಿಗೆ ಕುಂಠಿತವಾದವನು. ಅವನ ತಂದೆ ಅದೇ ಘಟಕದಲ್ಲಿ ಹಮಾಲಿಯಾಗಿದ್ದರು. ಮಗನನ್ನು ಜೊತೆಯಲ್ಲಿ ಕರೆತರುತ್ತಿದ್ದರು. ಅವರು ತೀರಿಕೊಂಡ ಮೇಲೂ ಅವನು ಬರುವುದನ್ನು ನಿಲ್ಲಿಸಲಿಲ್ಲ. ಬೆಳಗ್ಗೆ ಎಂಟಕ್ಕೆ ಬಂದು ಖಾಲಿ ಚೀಲಗಳನ್ನು ಹತ್ತು ಹತ್ತರಂತೆ ಎಣಿಸಿ ಜೋಡಿಸುವುದು, ತುಂಬಿದ ಚೀಲಗಳ ಬಾಯಿ ಹೊಲಿಗೆ ಬಿಟ್ಟಿದೆಯೇ ಎಂದು ನೋಡುವುದು, ಚೀಟಿ ಅಂಟಿಸುವುದು. ಮಧ್ಯಾಹ್ನದವರೆಗೂ ಇವೇ ಅವನ ಕೆಲಸಗಳು.

‘ಅವನು ಬಾರದ ದಿನ ಏನಾಗುತ್ತದೆ?’ ಎಂದು ಕೇಳಿದೆ. ‘ಲೋಡು ಅರ್ಧ ಗಂಟೆ ತಡ ಆಗುತ್ತೆ’ ಎಂದರು ಮಾಲೀಕರು. ಹೇಳಿದ ಮರುಕ್ಷಣವೇ ಅವರಿಗೂ ತಮ್ಮ ಮಾತಿನ ಅರ್ಥ ಹೊಳೆದಿರಬೇಕು, ಸುಮ್ಮನಾದರು. ಯಾರ ಗೈರುಹಾಜರಿಯಿಂದ ಲಾರಿ ತಡವಾಗುತ್ತದೆಯೋ ಅವನು ಕೆಲಸಗಾರನೇ ಸರಿ. ಅವನ ಹೆಸರು ಹಾಜರಿ ಪುಸ್ತಕದಲ್ಲಿ ಇರಲಿಲ್ಲ ಎಂಬುದಷ್ಟೇ ವ್ಯತ್ಯಾಸ. ಆ ಲಾರಿಯೇ ಹಿಂದಕ್ಕೆ ಸರಿಯುವಾಗ ಅವನಿಗೆ ತಗುಲಿದ್ದರೆ ಪರಿಹಾರದ ಹೊಣೆ ಮಾಲೀಕರ ತಲೆಯ ಮೇಲೆಯೇ ಬರುತ್ತಿತ್ತು, ಇ.ಎಸ್.ಐ. ನೆರವು ಮಾತ್ರ ಇರುತ್ತಿರಲಿಲ್ಲ. ದಯೆಯಿಂದ ಕೊಟ್ಟ ಇನ್ನೂರು ರೂಪಾಯಿ ಇಬ್ಬರನ್ನೂ ಅಪಾಯದಲ್ಲಿ ನಿಲ್ಲಿಸಿತ್ತು.

ಇವರು ಯಾರು?

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಸುಮಾರು 13.24 ಲಕ್ಷ ವಿಕಲಚೇತನರಿದ್ದರು. ಅಂಧರು, ಶ್ರವಣದೋಷವುಳ್ಳವರು, ಕೈಕಾಲಿನ ಊನವುಳ್ಳವರು ಒಂದಿಷ್ಟು ಮಟ್ಟಿಗೆ ನಮ್ಮ ಅಂಗಡಿ, ಕಾರ್ಖಾನೆ, ಬ್ಯಾಂಕುಗಳಲ್ಲಿ ಕಾಣಸಿಗುತ್ತಾರೆ. ಕಾಣಸಿಗದವರು ಬೆಳವಣಿಗೆಯ ವೈಕಲ್ಯವುಳ್ಳವರು. ಹಿಂದೆ ‘ಬುದ್ಧಿಮಾಂದ್ಯ’ ಎಂದು ಕರೆಯುತ್ತಿದ್ದ, ಇಂದು ಕಾನೂನು ‘ಬೌದ್ಧಿಕ ವೈಕಲ್ಯ’ ಎಂದು ಕರೆಯುವ ಸ್ಥಿತಿ, ಆಟಿಸಂ, ಡೌನ್ ಸಿಂಡ್ರೋಮ್, ಸೆರೆಬ್ರಲ್ ಪಾಲ್ಸಿ ಇವು ಈ ಗುಂಪಿನಲ್ಲಿ ಮುಖ್ಯವಾದವು. ಸೆರೆಬ್ರಲ್ ಪಾಲ್ಸಿ ಇರುವವರಲ್ಲಿ ಅನೇಕರ ಬುದ್ಧಿಶಕ್ತಿಗೆ ಯಾವ ಕುಂದೂ ಇರುವುದಿಲ್ಲ. ಮಾತು, ನಡೆ ಮಾತ್ರ ಕಷ್ಟ. ಇವು ಯಾವುವೂ ಮಾನಸಿಕ ಕಾಯಿಲೆಗಳಲ್ಲ. ಕಾಯಿಲೆ ನಡುವೆ ಬಂದು ಔಷಧದಿಂದ ಹತೋಟಿಗೆ ಬರುತ್ತದೆ. ಇವು ಹುಟ್ಟಿನಿಂದ ಅಥವಾ ಎಳವೆಯಿಂದ ಇರುವ ಸ್ಥಿತಿಗಳು. ಈ ಎರಡನ್ನೂ ಒಂದೇ ಎಂದು ತಿಳಿದು ‘ಯಾವಾಗ ಏನು ಮಾಡುತ್ತಾರೋ’ ಎಂದು ಹೆದರುವ ಉದ್ಯಮಿಗಳನ್ನು ನಾನು ಬಹಳ ಕಂಡಿದ್ದೇನೆ.

ಕೆಲಸವನ್ನು ಬಿಡಿಸಿ ನೋಡುವುದು

ಅಮೆರಿಕದಲ್ಲಿ ಮಾರ್ಕ್ ಗೋಲ್ಡ್ ಎಂಬ ತಜ್ಞರು 1970ರ ದಶಕದ ಆರಂಭದಲ್ಲಿ ಒಂದು ಪ್ರಯೋಗ ನಡೆಸಿದರು. ತೀವ್ರ ಬೌದ್ಧಿಕ ವೈಕಲ್ಯವುಳ್ಳವರು, ಯಾವ ಕೆಲಸಕ್ಕೂ ಬಾರದವರು ಎಂದು ಬದಿಗಿರಿಸಲ್ಪಟ್ಟವರಿಗೆ ಅವರು ಸೈಕಲ್ ಬ್ರೇಕಿನ ಬಿಡಿಭಾಗಗಳನ್ನು ಜೋಡಿಸುವುದನ್ನು ಕಲಿಸಿದರು. ಮಾತಿನ ವಿವರಣೆ ಆದಷ್ಟು ಕಡಿಮೆ. ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಬಿಡಿಸುವುದು, ಭಾಗಗಳನ್ನು ಜೋಡಣೆಯ ಕ್ರಮದಲ್ಲೇ ಇಡುವುದು, ತಪ್ಪಾದಾಗ ಬೈಯದೆ ಬೇರೆ ರೀತಿಯಲ್ಲಿ ಪ್ರಯತ್ನಿಸಲು ಹೇಳುವುದು, ಇಷ್ಟೇ ಅವರ ವಿಧಾನ. ಕಲಿಯದಿದ್ದರೆ ಅದು ಕಲಿಸುವವನ ಲೋಪ ಎಂಬುದು ಅವರ ನಿಲುವು. ಕಾರ್ಖಾನೆ ನಡೆಸುವವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಹೊಸ ಯಂತ್ರ ಬಂದಾಗ ನಮ್ಮ ಮೇಸ್ತ್ರಿಗಳು ಮಾಡುವುದೂ ಇದನ್ನೇ.

ನಮ್ಮ ರಾಜ್ಯದಲ್ಲಿಯೇ ಇದರ ನಿದರ್ಶನಗಳಿವೆ. ಬೆಂಗಳೂರಿನಲ್ಲಿ ಸುಗಂಧಾ ಸುಕೃತರಾಜ್ ಅವರು ಕಟ್ಟಿದ ಅಂಬಾ ಸಂಸ್ಥೆ ಬೌದ್ಧಿಕ ವಿಕಲಚೇತನರಿಂದ ಗಣಕಯಂತ್ರದಲ್ಲಿ ದತ್ತಾಂಶ ನಮೂದಿಸುವ ಕೆಲಸ ಮಾಡಿಸಿತು. ಪದದ ಅರ್ಥ ತಿಳಿಯದಿದ್ದರೂ ಕಾಗದದ ಮೇಲಿನ ಅಕ್ಷರದ ಆಕಾರವನ್ನು ಕೀಲಿಮಣೆಯ ಆಕಾರದೊಂದಿಗೆ ಹೋಲಿಸಿ ಒತ್ತುವುದು ಅವರಿಗೆ ಸಾಧ್ಯವಾಯಿತು. ನಮ್ಮ ಕಚೇರಿಗಳಲ್ಲಿ ವೋಚರು ನಮೂದಿಸುವ ಹುಡುಗರು ವಿವರವನ್ನು ಊಹಿಸಿ ತಪ್ಪು ಮಾಡುವುದನ್ನು ಬಲ್ಲ ನನಗೆ, ಊಹಿಸದೆ ನೋಡಿದಂತೆ ಬರೆಯುವವರ ಬೆಲೆ ಚೆನ್ನಾಗಿ ಗೊತ್ತು. ಆಟಿಸಂ ಇರುವವರನ್ನು ತಂತ್ರಾಂಶ ಪರೀಕ್ಷೆಗೆ ತೆಗೆದುಕೊಳ್ಳುವ ಪ್ರಯೋಗವನ್ನು ಸ್ಯಾಪ್ ಕಂಪನಿ ತನ್ನ ಬೆಂಗಳೂರು ಘಟಕದಲ್ಲಿ ನಡೆಸಿ, 2013ರಲ್ಲಿ ಅದನ್ನು ಜಾಗತಿಕ ಕಾರ್ಯಕ್ರಮವನ್ನಾಗಿ ಘೋಷಿಸಿತು. ಅಲೀನಾ ಆಲಂ ಅವರು 2017ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭಿಸಿದ ಮಿಟ್ಟಿ ಕೆಫೆಯಲ್ಲಿ ಅಡುಗೆ, ಬಡಿಸುವಿಕೆ, ಹಣ ಪಡೆಯುವಿಕೆ ಎಲ್ಲವೂ ವಿಕಲಚೇತನರದೇ. 2023ರ ನವೆಂಬರಿನಲ್ಲಿ ಅದರ ಒಂದು ಶಾಖೆ ಸರ್ವೋಚ್ಚ ನ್ಯಾಯಾಲಯದ ಆವರಣದಲ್ಲಿಯೇ ತೆರೆಯಿತು. ಎನ್.ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಎ.ಪಿ.ಡಿ. ಸಂಸ್ಥೆಯ ತೋಟಗಾರಿಕೆ ತರಬೇತಿ ನಮ್ಮ ಗುಬ್ಬಿ, ಕುಣಿಗಲ್ ಕಡೆಯ ಸಸ್ಯಕ್ಷೇತ್ರಗಳಿಗೆ ಹೆಚ್ಚು ಹತ್ತಿರದ್ದು.

ಬೆಂಗಳೂರಿನ ಮಾತು ಹಾಗಿರಲಿ. ನಮ್ಮಲ್ಲಿ ಯಾವ ಕೆಲಸವಿದೆ? ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರಗಳ ಘಟಕಗಳಲ್ಲಿ ಚೀಟಿ ಅಂಟಿಸುವುದು, ಪೆಟ್ಟಿಗೆ ಮಡಿಸುವುದು, ಎಣಿಸಿ ತುಂಬುವುದು. ಅಡಿಕೆ ಮಂಡಿಯಲ್ಲಿ ಕಲ್ಲು, ಸಿಪ್ಪೆ ಆರಿಸುವುದು. ಮುದ್ರಣಾಲಯದಲ್ಲಿ ಹಾಳೆ ಜೋಡಿಸುವುದು. ಸಸ್ಯಕ್ಷೇತ್ರದಲ್ಲಿ ಮಣ್ಣು ತುಂಬಿದ ಚೀಲಕ್ಕೆ ಬೀಜ ಊರುವುದು. ಇತರ ಕೆಲಸಗಾರರು ಬೇಸರದಿಂದ ತಿಂಗಳೊಪ್ಪತ್ತಿನಲ್ಲಿ ಬಿಟ್ಟುಹೋಗುವ ಕೆಲಸಗಳಿವು. ಹಾಗೆಂದು ವಿಕಲಚೇತನರಿಗೆ ಬೇಸರವೇ ಆಗದು ಎಂದು ಭಾವಿಸಬಾರದು. ಅವರಲ್ಲೂ ಒಬ್ಬರಿಗೆ ಹಿಡಿಸಿದ್ದು ಮತ್ತೊಬ್ಬರಿಗೆ ಹಿಡಿಸುವುದಿಲ್ಲ.

ಗುಬ್ಬಿಯ ಆ ಘಟಕದಲ್ಲಿ ಮುಂದೆ ನಡೆದದ್ದನ್ನು ಇಲ್ಲಿ ಹೇಳಬೇಕು. ನೇಮಕಾತಿ ಪತ್ರ ಕೊಟ್ಟು, ಹಾಜರಿ ಪುಸ್ತಕದಲ್ಲಿ ಹೆಸರು ಬರೆದು, ವೇತನ ಬ್ಯಾಂಕಿಗೆ ಹೋಗತೊಡಗಿದ ಆರು ತಿಂಗಳ ಮೇಲೆ ಅವನು ಇದ್ದಕ್ಕಿದ್ದಂತೆ ಬರುವುದನ್ನು ನಿಲ್ಲಿಸಿದ. ಹನ್ನೊಂದು ದಿನ ಬರಲಿಲ್ಲ. ‘ಸಂಬಳ ಸಿಕ್ಕಿದ ಮೇಲೆ ಕೊಬ್ಬು’ ಎಂದವರೂ ಉಂಟು. ಮೇಸ್ತ್ರಿ ಮನೆಗೆ ಹೋಗಿ ವಿಚಾರಿಸಿದರೂ ಅವನು ಹೇಳಲಾರ. ಕೊನೆಗೆ ಮೇಸ್ತ್ರಿಗೇ ಹೊಳೆಯಿತು: ಚೀಲಗಳ ದಾಸ್ತಾನನ್ನು ಹೊಸ ಷೆಡ್ಡಿಗೆ ಬದಲಿಸಿದ್ದರು. ಹಳೆಯ ಷೆಡ್ಡಿನ ಗೋಡೆಯ ಮೇಲೆ ಒಂದು ನೀಲಿ ಗೆರೆ ಇತ್ತು. ಆ ಗೆರೆ ಮುಟ್ಟಿದರೆ ಒಂದು ಸಾಲು ಮುಗಿಯಿತು ಎಂಬುದು ಅವನ ಅಳತೆ. ಹೊಸ ಗೋಡೆ ಬರಿದಾಗಿತ್ತು. ಗೆರೆ ಬಳಿದರು, ಅವನನ್ನು ಕರೆತಂದು ತೋರಿಸಿದರು, ಮರುದಿನ ಎಂಟಕ್ಕೆ ಬಂದ. ಕಾನೂನಿನಲ್ಲಿ ‘ಸೂಕ್ತ ಹೊಂದಾಣಿಕೆ’ ಎಂಬ ಪದವಿದೆ. ಅದನ್ನು ಓದಿ ದುಬಾರಿ ಕಟ್ಟಡ, ಯಂತ್ರಗಳನ್ನು ನೆನೆದು ಗಾಬರಿಯಾಗುವವರಿಗೆ ತಿಳಿಸುವುದೇನೆಂದರೆ, ಆ ವರ್ಷ ನಾನು ದುರಸ್ತಿ ಖಾತೆಗೆ ಹಾಕಿದ್ದು ಅರ್ಧ ಲೀಟರ್ ಬಣ್ಣದ ಬೆಲೆ.

ಕಾನೂನು

ಖಾಸಗಿ ಉದ್ಯಮಗಳಿಗೂ ಮೀಸಲಾತಿ ಕಡ್ಡಾಯವೆಂಬ ತಪ್ಪು ತಿಳಿವಳಿಕೆ ಸದಸ್ಯರಲ್ಲಿದೆ. 2017ರ ಏಪ್ರಿಲ್ 19ರಂದು ಜಾರಿಗೆ ಬಂದ ಮೇಲ್ಕಂಡ ಅಧಿನಿಯಮದ 34ನೇ ಕಲಮಿನ ಶೇ. 4ರ ಮೀಸಲಾತಿ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಅನ್ವಯ. ಬೌದ್ಧಿಕ ವೈಕಲ್ಯ ಮತ್ತು ಆಟಿಸಂ ಇರುವವರಿಗೂ ಅದರಲ್ಲಿ ಪಾಲು ದೊರೆತದ್ದು ಈ ಕಾಯ್ದೆಯಿಂದಲೇ. ಖಾಸಗಿಯವರ ಕೆಲಸಗಾರರಲ್ಲಿ ಕನಿಷ್ಠ ಶೇ. 5 ಮಂದಿ ವಿಕಲಚೇತನರಿರುವಂತಾಗಲು ಸರ್ಕಾರ ಪ್ರೋತ್ಸಾಹಧನ ನೀಡಬೇಕೆಂದು 35ನೇ ಕಲಮು ಹೇಳುತ್ತದೆ. ಅದು ಸರ್ಕಾರದ ಆರ್ಥಿಕ ಶಕ್ತಿಗೆ ಒಳಪಟ್ಟ ಮಾತು. ಆದರೆ 21ನೇ ಕಲಮು ಖಾಸಗಿಯವರನ್ನೂ ಬಿಟ್ಟಿಲ್ಲ. ಪ್ರತಿಯೊಂದು ಸಂಸ್ಥೆಯೂ ‘ಸಮಾನ ಅವಕಾಶ ನೀತಿ’ಯನ್ನು ಪ್ರಕಟಿಸಿ, ಅದರ ಪ್ರತಿಯನ್ನು ರಾಜ್ಯ ಆಯುಕ್ತರಲ್ಲಿ ನೋಂದಾಯಿಸಬೇಕು. 20 ಅಥವಾ ಹೆಚ್ಚು ನೌಕರರಿದ್ದರೆ ವಿಕಲಚೇತನರಿಗೆ ಸೂಕ್ತವಾದ ಹುದ್ದೆಗಳು, ಆಯ್ಕೆಯ ರೀತಿ, ಸಂಪರ್ಕಾಧಿಕಾರಿಯ ನೇಮಕ ಇತ್ಯಾದಿ ವಿವರಗಳೂ ಅದರಲ್ಲಿರಬೇಕು. ಉಲ್ಲಂಘನೆಗೆ ಮೊದಲ ಬಾರಿ 10,000 ರೂಪಾಯಿಯವರೆಗೆ, ಮತ್ತೆ ಉಲ್ಲಂಘಿಸಿದರೆ 50,000ದಿಂದ 5 ಲಕ್ಷದವರೆಗೆ ದಂಡ. ನನ್ನ ಕಕ್ಷಿದಾರರಲ್ಲಿ ಈ ನೀತಿಯನ್ನು ಸಿದ್ಧಪಡಿಸಿದ್ದವರು ಬೆರಳೆಣಿಕೆಯಷ್ಟು.

ಕೂಲಿಯ ಪ್ರಶ್ನೆ

‘ಅರ್ಧ ಕೆಲಸಕ್ಕೆ ಪೂರ್ತಿ ಕೂಲಿಯೇ?’ ಎಂಬುದು ಮಾಲೀಕರ ಮೊದಲ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೂ ಹೌದು. 1948ರ ಕನಿಷ್ಠ ವೇತನ ಕಾಯ್ದೆಯ 26ನೇ ಕಲಮು ವಿಕಲ ನೌಕರರ ವಿಷಯದಲ್ಲಿ ವಿನಾಯಿತಿ ನೀಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. ಇದನ್ನು ಮಾಲೀಕನಿಗೇ ಕೊಟ್ಟ ಅಧಿಕಾರವೆಂದು ಭಾವಿಸಿ ‘ಗೌರವಧನ’ ಎಂಬ ಹೆಸರಿನಲ್ಲಿ ಅಷ್ಟಿಷ್ಟು ಕೊಟ್ಟು ಸುಮ್ಮನಾದವರಿದ್ದಾರೆ. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಸ್ಥಾನದಲ್ಲಿ 2019ರ ವೇತನ ಸಂಹಿತೆ ಜಾರಿಗೆ ಬಂದಿದೆ. ನಿಗದಿತ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವ ಹಕ್ಕು ಅಲ್ಲಿಯೂ ಮಾಲೀಕನಿಗಿಲ್ಲ. ದಿನಗೂಲಿಯವನನ್ನು ಕೆಲಸವಿಲ್ಲವೆಂದು ಮಧ್ಯಾಹ್ನಕ್ಕೇ ಮನೆಗೆ ಕಳಿಸಿದರೆ ಇಡೀ ದಿನದ ಕೂಲಿ ಸಲ್ಲಬೇಕೆಂಬ ಹಳೆಯ ನಿಯಮವೂ ಅದರಲ್ಲಿ ಮುಂದುವರಿದಿದೆ. ಆದ್ದರಿಂದ ಅರ್ಧ ದಿನದ ಕೆಲಸಕ್ಕೆ ಅರ್ಧ ಕೂಲಿ ಎಂಬುದು ತಾನಾಗಿ ಸರಿಹೋಗುವ ಲೆಕ್ಕವಲ್ಲ. ಗುಬ್ಬಿಯ ಮಾಲೀಕರು ಈ ಕಾರಣದಿಂದಲೇ ಉಳಿದ ಅರ್ಧ ದಿನಕ್ಕೆ ಕೆಲಸ ಹುಡುಕಬೇಕಾಯಿತು. ತಟ್ಟೆಗಳನ್ನು ತೊಳೆದು ಒಣಗಿಸುವುದು, ಪ್ಯಾಕೆಟ್ಟುಗಳನ್ನು ಪೆಟ್ಟಿಗೆಗೆ ಎಣಿಸಿ ಹಾಕುವುದು ದೊರೆತವು. ತಟ್ಟೆ ತೊಳೆಯುವುದರಲ್ಲಿ ಅವನು ಇತರರಿಗಿಂತ ನಿಧಾನ, ಚೀಲದ ಲೆಕ್ಕದಲ್ಲಿ ಎಲ್ಲರಿಗಿಂತ ನಿಖರ. ಒಟ್ಟಾರೆ ಲೆಕ್ಕದಲ್ಲಿ ನಷ್ಟವಿಲ್ಲವೆಂದು ಮಾಲೀಕರೇ ಹೇಳುತ್ತಾರೆ.

ತೆರಿಗೆಯ ವಿಚಾರ

2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದ್ದರೂ ಸದಸ್ಯರಿಗೆ ಬಾಯಿಪಾಠವಾಗಿರುವ ಹಳೆಯ ಸಂಖ್ಯೆಗಳನ್ನೇ ಬಳಸುತ್ತೇನೆ. ವಿಕಲಚೇತನರಿಗಾಗಿಯೇ ಮಾಡಿದ್ದಲ್ಲವಾದರೂ 80ಜೆಜೆಎಎ ಇಲ್ಲಿ ಉಪಯುಕ್ತ. ತೆರಿಗೆ ಪರಿಶೋಧನೆಗೆ ಒಳಪಡುವ ಉದ್ಯಮವು ಹಿಂದಿನ ವರ್ಷಕ್ಕಿಂತ ನೌಕರರ ಸಂಖ್ಯೆಯನ್ನು ಹೆಚ್ಚಿಸಿದಾಗ, ತಿಂಗಳಿಗೆ 25,000 ರೂಪಾಯಿ ಮೀರದ ವೇತನ ಪಡೆಯುವ ಹೊಸ ನೌಕರನಿಗೆ ನೀಡಿದ ವೇತನದ ಶೇ. 30ರಷ್ಟನ್ನು ಮೂರು ವರ್ಷ ಹೆಚ್ಚುವರಿಯಾಗಿ ಕಳೆಯಬಹುದು. ಉದಾಹರಣೆಗೆ ತಿಂಗಳಿಗೆ 15,000ದಂತೆ ವರ್ಷಕ್ಕೆ 1,80,000 ಕೊಟ್ಟರೆ ಹೆಚ್ಚುವರಿ ಕಡಿತ 54,000 ರೂಪಾಯಿ. ಪಾಲುದಾರಿಕೆ ಸಂಸ್ಥೆಗೆ ಶೇ. 31.2ರ ದರದಲ್ಲಿ ಉಳಿಯುವ ತೆರಿಗೆ ವರ್ಷಕ್ಕೆ 16,848 ರೂಪಾಯಿ. ಷರತ್ತುಗಳು ಮೂರು: ಭವಿಷ್ಯನಿಧಿಯ ಸದಸ್ಯತ್ವ ಇರಬೇಕು, ವರ್ಷದಲ್ಲಿ 240 ದಿನ ಕೆಲಸದಲ್ಲಿರಬೇಕು (ಸಿದ್ಧ ಉಡುಪು, ಪಾದರಕ್ಷೆ, ಚರ್ಮೋದ್ಯಮಕ್ಕೆ 150 ದಿನ), ವೇತನ ಬ್ಯಾಂಕಿನ ಮೂಲಕವೇ ಸಲ್ಲಬೇಕು. ನಗದಾಗಿ ಕೊಟ್ಟರೆ ಒಂದು ರೂಪಾಯಿಯ ಕಡಿತವೂ ಇಲ್ಲ.

ವಿಕಲಚೇತನ ನೌಕರರ ಭವಿಷ್ಯನಿಧಿ ಹಾಗೂ ಇ.ಎಸ್.ಐ.ಗಳಲ್ಲಿ ಮಾಲೀಕನ ಪಾಲನ್ನು ಮೊದಲ ಮೂರು ವರ್ಷ ತಾನೇ ಕಟ್ಟುವ ಯೋಜನೆಯನ್ನು ಕೇಂದ್ರ ಸರ್ಕಾರ 2008ರ ಏಪ್ರಿಲ್ 1ರಿಂದ ತಂದಿತ್ತು. ನಮ್ಮ ಕಡೆ ಅದನ್ನು ಬಳಸಿಕೊಂಡ ಒಬ್ಬ ಉದ್ಯಮಿಯನ್ನೂ ನಾನು ಕಾಣಲಿಲ್ಲ. ಇಂತಹ ಯಾವುದೇ ನೆರವು ಪಡೆಯುವ ಮುನ್ನ ಒಂದು ಅಂಶ ನೆನಪಿರಲಿ: ಪಿಂಚಣಿ ಯೋಜನೆಯ ಪೂರ್ಣ ವಂತಿಗೆಯನ್ನು ಸರ್ಕಾರವೇ ಕಟ್ಟುವ ನೌಕರನಿಗೆ 80ಜೆಜೆಎಎ ಅನ್ವಯಿಸುವುದಿಲ್ಲ. ಇ.ಎಸ್.ಐ.ಯಲ್ಲಿ ಇತರರಿಗೆ ವೇತನ ಮಿತಿ 21,000 ಆದರೆ ವಿಕಲಚೇತನರಿಗೆ 25,000. ಇನ್ನು ಸಾಮಾಜಿಕ ಹೊಣೆಗಾರಿಕೆ ನಿಧಿಗೆ ಒಳಪಡುವ ದೊಡ್ಡ ಕಂಪನಿಗಳು ವಿಕಲಚೇತನರ ವೃತ್ತಿ ತರಬೇತಿಗೆ ಆ ಹಣ ಬಳಸಬಹುದು. ತಮ್ಮದೇ ನೌಕರರ ಸಂಬಳವನ್ನು ಅದರಲ್ಲಿ ತೋರಿಸಲಾಗದು.

ಮನೆಯವರ ಲೆಕ್ಕ

ಮಾಲೀಕರನ್ನು ಒಪ್ಪಿಸುವುದಕ್ಕಿಂತ ಮನೆಯವರನ್ನು ಒಪ್ಪಿಸುವುದು ಕಷ್ಟ. ಗುಬ್ಬಿಯ ಯುವಕನ ತಾಯಿ ನೇಮಕಾತಿ ಪತ್ರವನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ. ‘ಸ್ವಾಮಿ, ಕೆಲಸ ಇವತ್ತು ಐತೆ, ನಾಳೆ ಇಲ್ಲ. ಸರ್ಕಾರದ ದುಡ್ಡು ತಿಂಗಳಾ ತಿಂಗಳಾ ಬತ್ತದೆ’ ಎಂದರು. ಅಂಗವಿಕಲರ ಮಾಸಾಶನಕ್ಕೆ ಆದಾಯದ ಮಿತಿ ಇರುವುದು ಅವರಿಗೆ ನನಗಿಂತ ಚೆನ್ನಾಗಿ ತಿಳಿದಿತ್ತು. ಅವರ ಮಾತಿನಲ್ಲಿ ಅಜ್ಞಾನವಿರಲಿಲ್ಲ. ಅದು ಖಚಿತ ಆದಾಯವನ್ನು ಅನಿಶ್ಚಿತ ಆದಾಯದೊಂದಿಗೆ ತೂಗಿ ನೋಡಿದ ಲೆಕ್ಕ. ನಾವು ಮಂಡಿಯಲ್ಲಿ ಮಾಡುವುದೂ ಅದನ್ನೇ ಅಲ್ಲವೇ? ಮಾಸಾಶನ ನಿಲ್ಲಬಹುದೆಂಬುದನ್ನು ಮುಚ್ಚಿಡದೆ, ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ ತಿಳಿದುಕೊಂಡು, ಆರೋಗ್ಯ ವಿಮೆ, ಭವಿಷ್ಯನಿಧಿಗಳನ್ನೂ ಸೇರಿಸಿ ಅವರ ಮುಂದೆ ಕಾಗದದ ಮೇಲೆ ಬರೆದು ತೋರಿಸಿದೆವು. ಅವರು ಒಪ್ಪಲು ಎರಡು ತಿಂಗಳು ಹಿಡಿಯಿತು. ಕೊನೆಗೆ ಅವರನ್ನು ಒಪ್ಪಿಸಿದ್ದು ನನ್ನ ಕಾಗದವಲ್ಲ, ತಾನು ಸತ್ತ ಮೇಲೂ ಇವನು ಎಂಟಕ್ಕೆ ಎದ್ದು ಹೋಗಲು ಒಂದು ಜಾಗವಿರುತ್ತದೆ ಎಂಬ ಯೋಚನೆ ಎಂದು ಆಮೇಲೆ ಅವರೇ ಹೇಳಿದರು.

ನಮ್ಮ ಸದಸ್ಯರಲ್ಲೂ ಇಂತಹ ಮಕ್ಕಳ ತಂದೆತಾಯಿಗಳಿದ್ದಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೆ. ಅವರಿಗೆ 80ಡಿಡಿ ಅಡಿ 75,000, ತೀವ್ರ ವೈಕಲ್ಯವಿದ್ದರೆ 1,25,000 ರೂಪಾಯಿ ಕಡಿತವಿದೆ. ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. ಮಗ ಅಥವಾ ಮಗಳು ತಾವೇ 80ಯು ಅಡಿ ಕಡಿತ ಪಡೆದರೆ ತಂದೆತಾಯಿಗೆ ದೊರೆಯದು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಂತೆ ಜಿಲ್ಲಾಧಿಕಾರಿಗಳನ್ನೊಳಗೊಂಡ ಸ್ಥಳೀಯ ಮಟ್ಟದ ಸಮಿತಿ ಕಾನೂನುಬದ್ಧ ಪೋಷಕರನ್ನು ನೇಮಿಸುತ್ತದೆ. ಬ್ಯಾಂಕ್ ಖಾತೆಗೆ ತೊಡಕಾದಾಗ ಆ ಪ್ರಮಾಣಪತ್ರ ಉಪಯೋಗಕ್ಕೆ ಬರುತ್ತದೆ. ಅದೇ ನ್ಯಾಸದ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿಯವರೆಗೆ ಆರೋಗ್ಯ ವಿಮೆಯೂ ಇದೆ.

ಕುಣಿಗಲ್ ಕಡೆಯ ಒಂದು ಅನುಭವ

ಎಲ್ಲವೂ ಗುಬ್ಬಿಯಂತೆ ನಡೆಯಲಿಲ್ಲ. ಅಲ್ಲಿಯ ಉತ್ಸಾಹದಲ್ಲಿ ನಾನು ಕುಣಿಗಲ್ ಕಡೆಯ ಒಂದು ಸಿದ್ಧ ಉಡುಪು ಘಟಕದ ಮಾಲೀಕರಿಗೆ ಆಟಿಸಂ ಇರುವ ಯುವತಿಯೊಬ್ಬಳನ್ನು ಶಿಫಾರಸು ಮಾಡಿದೆ. ಹೊಲಿದ ಬಟ್ಟೆಯ ಹೆಚ್ಚುವರಿ ದಾರ ಕತ್ತರಿಸುವ ಕೆಲಸ. ಅವಳ ಕೈಯಿಂದ ಹೋದ ಒಂದು ಅಂಗಿಯೂ ಹಿಂದಿರುಗಿ ಬರಲಿಲ್ಲ. ಆದರೆ ಪಾಳಿ ಬದಲಾಗುವಾಗಿನ ಸೈರನ್, ಊಟದ ಹೊತ್ತಿನ ಗದ್ದಲ ಅವಳಿಗೆ ಸಹಿಸಲಸಾಧ್ಯವಾಗಿತ್ತು. ಅದನ್ನು ಯಾರೂ ವಿಚಾರಿಸಿರಲಿಲ್ಲ, ನಾನೂ ವಿಚಾರಿಸಿರಲಿಲ್ಲ. ಮೂರನೆಯ ವಾರ ಅವಳು ಗೋಡೆಗೆ ತಲೆ ಚಚ್ಚಿಕೊಂಡಳು. ತಂದೆಯನ್ನು ಕರೆಸಿ ಕಳುಹಿಸಿಕೊಟ್ಟರು. ಆ ತಂದೆ ಮಗಳನ್ನು ಮತ್ತೆಲ್ಲಿಗೂ ಕಳುಹಿಸಲಿಲ್ಲ. ನನ್ನ ದೂರವಾಣಿ ಕರೆಗೂ ಉತ್ತರಿಸಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ಕೆಲವು ವಾರ ಜೊತೆಗಿದ್ದು ಕಲಿಸುವ, ಏನು ಒಗ್ಗುವುದಿಲ್ಲವೆಂದು ಗಮನಿಸುವ ತರಬೇತಿದಾರರೊಬ್ಬರು ಬೇಕು ಎಂದು ಈ ಕ್ಷೇತ್ರದ ಅನುಭವಿಗಳೆಲ್ಲ ಹೇಳುವುದನ್ನು ನಾನು ಓದಿದ್ದು ಅದಾದ ಮೇಲೆ. ವಿಶೇಷ ಶಾಲೆಯ ಶಿಕ್ಷಕರು ಹಾಗೆ ಬರಲು ಸಾಧ್ಯವಿದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಯಾರೂ ಸಿಗದಿದ್ದರೆ ನೇಮಕವನ್ನು ಮುಂದೂಡುವುದೇ ಲೇಸು.

ಆಸಕ್ತರು ಎಲ್ಲಿಂದ ಆರಂಭಿಸಬೇಕು? ಗುಬ್ಬಿ, ಕುಣಿಗಲ್‌ಗಳಲ್ಲಿ ತಾಲ್ಲೂಕು ಮಟ್ಟದ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನೂ, ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೂ ಕಾಣಬಹುದು. ಯಾವ ಮನೆಯಲ್ಲಿ ಯಾರಿದ್ದಾರೆ ಎಂಬುದು ಇವರಿಗೆ ತಿಳಿದಿರುತ್ತದೆ. ತುಮಕೂರು ನಗರದವರು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯನ್ನು ಸಂಪರ್ಕಿಸಬೇಕು. ಅಭ್ಯರ್ಥಿಯ ವಿಶಿಷ್ಟ ಗುರುತಿನ ಚೀಟಿ, ಆಧಾರ್, ಬ್ಯಾಂಕ್ ಖಾತೆ ಈ ಮೂರೂ ಇವೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಸಮಾನ ಅವಕಾಶ ನೀತಿಯ ಕನ್ನಡ ಕರಡೊಂದನ್ನು ಸಿದ್ಧಪಡಿಸಿ ನಮ್ಮ ಸಂಸ್ಥೆಯ ಕಾರ್ಯಾಲಯಕ್ಕೆ ಒಪ್ಪಿಸಿದ್ದೇನೆ. ಸದಸ್ಯರು ಪ್ರತಿ ಪಡೆದು ತಮ್ಮ ಸಂಸ್ಥೆಯ ಹೆಸರು, ನೌಕರರ ಸಂಖ್ಯೆ, ಸಂಪರ್ಕಾಧಿಕಾರಿಯ ವಿವರಗಳನ್ನು ತುಂಬಿಕೊಳ್ಳಬಹುದು. ‘ವಿಕಲಚೇತನರಿಗೆ ಸೂಕ್ತವಾದ ಹುದ್ದೆಗಳು’ ಎಂಬ ಕಲಮನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ. ಅದನ್ನು ತುಂಬುವ ಮುನ್ನ ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಮೇಸ್ತ್ರಿಯ ಜೊತೆ ತಮ್ಮ ಘಟಕದಲ್ಲಿ ಓಡಾಡಬೇಕು.